ಮಾಸ್ತರರ ಬೆನ್ನ ಹಿಂದಿನ ಪಟ್ಟಿ

ನಮ್ಮ ಬ್ಯಾಂಡ್ ನಡೆಸುವ ಕೋಲು ನನಗೇ ಸಿಕ್ಕಿದೆ! ಕ್ಷಮಿಸಿ, ಇದನ್ನು ಭಾಷಣದ ಕೊನೆಗೆ ಹೇಳು ಎಂದು ಮನೆಯಲ್ಲಿ ಮೂರು ಸಲ ಹೇಳಿ ಕಳಿಸಿದ್ದರು, ಬಾಯಿ ತಡೆಯಲಿಲ್ಲ. ಈಗ ಕ್ರಮವಾಗಿ ಬರುತ್ತೇನೆ. ಸಭೆಯ ಅಧ್ಯಕ್ಷರೂ ನಿವೃತ್ತ ಮುಖ್ಯಾಧ್ಯಾಪಕರೂ ಆದ ಮಾಣಿಕಪ್ಪ ಗುರುಗಳೇ, ನಿಲಂಗಾದಿಂದ ಬಂದಿರುವ ಅತಿಥಿ ಗಿರಿಜಾಬಾಯಿಯವರೇ, ಮೂವತ್ತೆಂಟು ವರ್ಷ ಬೀರೇಶ್ವರ ಬ್ರಾಸ್ ಬ್ಯಾಂಡನ್ನು ನಡೆಸಿ ಇಂದು ಸನ್ಮಾನ ಸ್ವೀಕರಿಸುತ್ತಿರುವ ನನ್ನ ಮಾವನವರಾದ ಬಕ್ಕಪ್ಪ ಮಾಸ್ತರರೇ, ಬ್ಯಾಂಡಿನ ಹದಿನಾರು ಕಲಾವಿದರೇ, ಉದಗೀರದ ನನ್ನ ಪ್ರೀತಿಯ ಸಭಿಕರೇ.

ನಾನು ಸಾರಿಕಾ, ಮಾಸ್ತರರ ಸೊಸೆ. ಮದುವೆಯಾಗಿ ಎರಡು ತಿಂಗಳು ಮೂರು ದಿನ. ತವರು ಬೀದರ. ಕಲಿತದ್ದು ಇಂಗ್ಲಿಷ್ ಮೀಡಿಯಂ; ನನ್ನ ಕನ್ನಡದಲ್ಲಿ ಎಲ್ಲಾದರೂ ತಾಳ ತಪ್ಪಿದರೆ ದಯವಿಟ್ಟು ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಮರಾಠಿಯಲ್ಲಿ ಮಾತಾಡೋಣವೆಂದರೆ, ಮೊನ್ನೆ ನನ್ನ ಮರಾಠಿ ಕೇಳಿ ಕಾಯಿಪಲ್ಲೆಯವನೇ ಗಾಬರಿಯಾಗಿ ಕನ್ನಡಕ್ಕೆ ಬಂದುಬಿಟ್ಟ.

ಇನ್ನೊಂದು ತೊಂದರೆ. ಗಂಡನ ಹೆಸರನ್ನು ಸಭೆಯಲ್ಲಿ ಹಾಗೇ ಹೇಳಬಾರದು, ಪ್ರಾಸದ ಸಾಲಿನಲ್ಲಿ ಒಡಪು ಕಟ್ಟಿ ಹೇಳಬೇಕು ಎಂದು ಅತ್ತೆ ಗುರಮ್ಮನವರು ಒಂದು ವಾರ ಒಡಪು ಕಲಿಸಿದರು. ವೇದಿಕೆಯ ಮೆಟ್ಟಿಲು ಹತ್ತುವಾಗ ಅದು ಮರೆತುಹೋಯಿತು. ಸದ್ಯಕ್ಕೆ 'ನಮ್ಮವರು' ಎನ್ನುತ್ತೇನೆ. ಅವರು ಮಾಸ್ತರರ ಒಬ್ಬನೇ ಮಗ. ಈಗ ಹಿಂದಿನ ಬಾಗಿಲಿನ ಹತ್ತಿರ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದಾರೆ. ಯಾರೂ ತಿರುಗಿ ನೋಡಬೇಡಿ. ಅಯ್ಯೋ, ಎಲ್ಲರೂ ನೋಡಿದಿರಿ.

ಮಾಸ್ತರರ ಬಗ್ಗೆ ಹೇಳಬೇಕು. ಅವರ ತಂದೆ ಕುರಿ ಸಾಕುತ್ತಿದ್ದರು, ಬೀರಪ್ಪನ ಪಲ್ಲಕ್ಕಿಯ ಮುಂದೆ ಡೊಳ್ಳು ಬಾರಿಸುತ್ತಿದ್ದರು. ದೇವರಿಗೆ ಬೆನ್ನು ತೋರಿಸಬಾರದು. ಆದ್ದರಿಂದ ಅವರು ಪಲ್ಲಕ್ಕಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ನಡೆಯುತ್ತಿದ್ದರು. ಸೊಂಟಕ್ಕೆ ಕರಿ ಉಣ್ಣೆಯ ಪಟ್ಟಿ. ಪಟ್ಟಿಯ ತುದಿ ಬೆನ್ನ ಹಿಂದೆ ನಡೆಯುವ ಇನ್ನೊಬ್ಬರ ಕೈಯಲ್ಲಿ. ದಾರಿಯನ್ನು ಅವರು ನೋಡಬೇಕು, ದೇವರನ್ನು ಇವರು ನೋಡಬೇಕು.

ನಮ್ಮ ಮಾಸ್ತರರು ಹತ್ತೊಂಬತ್ತನೆಯ ವಯಸ್ಸಿಗೆ ನಿಲಂಗಾದ ಒಂದು ಬ್ಯಾಂಡಿನಲ್ಲಿ ಕ್ಲಾರಿನೆಟ್ ಹಿಡಿದರು. ಆಮೇಲೆ ಸ್ವಂತ ಬ್ಯಾಂಡ್ ಕಟ್ಟಿ ಕೋಲು ಹಿಡಿದರು. ಡೊಳ್ಳು ಹೋಯಿತು, ಪಲ್ಲಕ್ಕಿ ಹೋಯಿತು, ಮುಂದೆ ಮದುಮಗನ ಕುದುರೆ ಬಂತು. ಹಿಂದೆ ನಡೆಯುವುದು ಮಾತ್ರ ಹಾಗೇ ಉಳಿಯಿತು. ಯಾಕೆ ಮಾವ ಎಂದು ಕೇಳಿದರೆ ಏನೆಂದರು ಗೊತ್ತೇ?

"ಹದಿನಾರು ಮಂದಿ ಗಲ್ಲ ಉಬ್ಬಿಸಿ ನಿನ್ನ ಮಾರೀನೇ ನೋಡ್ತಿರ್ತಾರವ್ವಾ. ಅವರಿಗಿ ಬೆನ್ನು ತೋರಿಸಿ ಹ್ಯಾಂಗ ನಡೀತಿ?"

ಪಟ್ಟಿಗೆ ಅದರದೇ ಭಾಷೆ ಇದೆ. ಒಮ್ಮೆ ಜಗ್ಗಿದರೆ ನಿಲ್ಲು. ಎರಡು ಸಲ ಜಗ್ಗಿದರೆ ಎಡಕ್ಕೆ, ಮೂರು ಸಲ ಜಗ್ಗಿದರೆ ಬಲಕ್ಕೆ. ಪಟ್ಟಿ ಸಡಿಲಾಗಿದ್ದರೆ ದಾರಿ ಖುಲ್ಲಾ ಇದೆ, ಬಾ. ಹನ್ನೊಂದು ವರ್ಷ ಆ ತುದಿ ನಮ್ಮವರ ಕೈಯಲ್ಲಿತ್ತು. ಉಮರ್ಗಾದ ಪೇಟೆಯಲ್ಲಿ, ಕಾಸಾರಶಿರಸಿಯ ಸಂತೆಯಲ್ಲಿ, ಎಮ್ಮೆ, ಮೋಟರ್‌ಸೈಕಲ್, ಎಸ್ಟಿ ಬಸ್ಸು, ಯಾವುದಕ್ಕೂ ಮಾಸ್ತರರು ಒಮ್ಮೆಯೂ ಕತ್ತು ತಿರುಗಿಸಲಿಲ್ಲ. ಹನ್ನೊಂದು ವರ್ಷ! ನಾನು ರಸ್ತೆ ದಾಟಬೇಕಾದರೆ ನಾಲ್ಕು ಸಲ ತಿರುಗಿ ನೋಡುವವಳು.

ಕಳೆದ ಡಿಸೆಂಬರಿನಲ್ಲಿ ಯೆಣೆಗೂರದ ಮದುವೆಯ ಮೆರವಣಿಗೆಯಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಅಧ್ಯಕ್ಷರೂ ಈಗಷ್ಟೇ ಹೇಳಿದರು. ಮಾಸ್ತರರ ಕಾಲು ಜಾರಿತು, ಧಾಬಾದ ಅಂಗಳದಿಂದ ಹಿಂದಕ್ಕೆ ಬರುತ್ತಿದ್ದ ಲಾರಿ ತಗುಲಿತು, ಸೊಂಟದ ಎಲುಬು ಮುರಿಯಿತು. ಆದರೆ ಆ ದಿನ ಒಂದು ಒಳ್ಳೆಯದೂ ಆಯಿತು. ನಮ್ಮವರನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ! ಮದುಮಗಳು ಮೀನಲ ನನ್ನ ಕಾಲೇಜಿನ ಗೆಳತಿ. ನಾವು ಐದು ಜನ ಗೆಳತಿಯರು ರಸ್ತೆಯ ಬದಿಗೆ ಸಾಲಾಗಿ ನಿಂತಿದ್ದೆವು. ಕೆಂಪು ಕೋಟು ಹಾಕಿಕೊಂಡ ಒಬ್ಬರು, ನುಡಿಸುವುದೂ ಇಲ್ಲ, ಕುಣಿಯುವುದೂ ಇಲ್ಲ, ಕೈಯಲ್ಲೊಂದು ಪಟ್ಟಿ ಹಿಡಿದು ಸುಮ್ಮನೆ ನಡೆಯುತ್ತಿದ್ದರು. ಇವರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೆ. ಓಡಿ ಹೋಗಿ ಫೋನು ಕೊಟ್ಟೆ.

"ನಮ್ದೊಂದು ಫೋಟೋ ತೆಗೀತೀರೇನ್ರೀ? ಎರಡೂ ಕೈಲಿಂದ ಹಿಡೀರಿ, ಅಲಗಾಡಬಾರ್ದು."

ಅವರು ನಕ್ಕರು. ಎರಡೂ ಕೈಯಿಂದ ಹಿಡಿದರು. ಫೋಟೋ ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ಒಂದು ಚೂರೂ ಅಲುಗಾಡಿಲ್ಲ...

ಸಭೆ ಯಾಕೆ ಇಷ್ಟು ಸುಮ್ಮನಾಯಿತು?

ಹೌದು. ಎರಡೂ ಕೈಯಿಂದ.

ಇದನ್ನು ಹೇಳಲು ನಾನು ಬಂದಿರಲಿಲ್ಲ. ಬರೆದುಕೊಂಡ ಕಾಗದದಲ್ಲಿ ಇದು ಇಲ್ಲ. ಆದರೆ ಬಾಯಿಂದ ಬಂತು, ಇನ್ನು ಅರ್ಧಕ್ಕೆ ಬಿಡುವುದಿಲ್ಲ. ಪಟ್ಟಿ ನೆಲಕ್ಕೆ ಬಿತ್ತು. ಮಾಸ್ತರರ ಸೊಂಟಕ್ಕೆ ಅದು ಸಡಿಲಾಯಿತು. ಸಡಿಲಾದರೆ ಏನರ್ಥ? ದಾರಿ ಖುಲ್ಲಾ ಇದೆ, ಬಾ. ಮಾಸ್ತರರು ಹಿಂದಕ್ಕೆ ಬಂದರು. ಕಾಲು ಜಾರಲಿಲ್ಲ, ಸಭಿಕರೇ. ಮಾಸ್ತರರ ಕಾಲು ಎಂದೂ ಜಾರಿಲ್ಲ.

ಆಸ್ಪತ್ರೆಗೆ ನಾನು ಹಣ್ಣು ತೆಗೆದುಕೊಂಡು ಹೋದೆ, ಮತ್ತೆ ಹೋದೆ, ಮತ್ತೆ ಹೋದೆ. ಎಂಥ ಮಮತೆಯ ಹುಡುಗಿ ಎಂದರು ಅತ್ತೆ. ನಮ್ಮವರಿಗೂ ನನಗೂ ಮಾತು ಬೆಳೆದದ್ದು ಅಲ್ಲಿಯೇ. ಆದರೆ ಆ ಫೋಟೋದ ಮಾತು ಇಬ್ಬರೂ ಎತ್ತಲಿಲ್ಲ. ಮದುವೆಯಾಗಿ ಹತ್ತನೆಯ ದಿನ ತಡೆಯಲಾರದೆ ಮಾವನವರ ಮುಂದೆ ಕೂತು ಹೇಳಿಬಿಟ್ಟೆ. ಅವರು ಕ್ಲಾರಿನೆಟ್ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ," ಎಂದರು. "ಹಿಡಿದ ಸಡಿಲು ಬ್ಯಾರೆ, ಬಿಟ್ಟ ಸಡಿಲು ಬ್ಯಾರೆ. ಪಟ್ಟಿ ಬಿದ್ದ ಕೂಡ್ಲೇ ನನ್ನ ಸೊಂಟಕ್ಕ ತಿಳೀತು."

"ತಿಳಿದ್ರ ಯಾಕ ನಿಲ್ಲಲಿಲ್ಲ, ಮಾವಾ?"

"ಹಾಡು ಮುಗೀಲಾಕ ಇನ್ನ ಎರಡೇ ಹೆಜ್ಜಿ ಇತ್ತವ್ವಾ. ನಡುವ ಹ್ಯಾಂಗ ನಿಲ್ಲಿಸಲಿ?"

ಎರಡು ಹೆಜ್ಜೆ! ಅಧ್ಯಕ್ಷರೇ, ಬ್ಯಾಂಡ್ ನಡೆಸುವವರ ಜೀವನವೆಂದರೆ ಇದೇ ಏನು? ಬೆನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಾದ ಮೇಲೂ ಹಾಡು ಮುಗಿಸಲು ಎರಡು ಹೆಜ್ಜೆ ಇಡುವುದೇ? ನಾನು ಬೀದರದ ಶಾಲೆಯಲ್ಲಿ ಐದು ವರ್ಷ ಮಕ್ಕಳ ವೃಂದಗಾನ ನಡೆಸಿದ್ದೇನೆ. ಅಲ್ಲಿ ನನ್ನ ಬೆನ್ನ ಹಿಂದೆ ಇದ್ದದ್ದು ಪಾಲಕರ ಕುರ್ಚಿಗಳು. ಹೆಚ್ಚೆಂದರೆ ಒಂದು ಮಗು ಅಳುತ್ತಿತ್ತು. ಲಾರಿ ಬರುತ್ತಿರಲಿಲ್ಲ.

ಆ ದಿನವೇ ಮಾವನವರು ಕೋಲನ್ನು ನನ್ನ ಮಡಿಲಿಗೆ ಹಾಕಿದರು. ನನಗೆ ಬಹಳ ಹೆದರಿಕೆ ಎಂದೆ. "ಅದಕ್ಕೇ ಕೊಡ್ಲಕತ್ತೀನಿ. ನನಗ ಹೆದರಿಕಿ ಹೋಗಿಬಿಟ್ಟಿತ್ತು," ಎಂದರು. ನಾನು ಸಂತೋಷದಿಂದ ಮನೆತುಂಬ ಕುಣಿದೆ. ನಿಜ, ಕುಣಿದೆ. ಅತ್ತೆ ಸಾಕ್ಷಿ.

ಮರುದಿನ ಓಣಿಯಲ್ಲಿ ತಾಲೀಮು ಶುರುವಾಯಿತು. ಅತ್ತೆ ಪಟ್ಟಿ ಹಿಡಿದರು. ಮೂರು ಹೆಜ್ಜೆ ಇಟ್ಟೆ, ಕತ್ತು ತಾನಾಗಿ ತಿರುಗಿತು. ಮತ್ತೆ ಮೂರು ಹೆಜ್ಜೆ, ಮತ್ತೆ ತಿರುಗಿತು. ಬೆನ್ನೆಲ್ಲ ತಣ್ಣಗಾಗುತ್ತದೆ, ಸಭಿಕರೇ. ಓಣಿಯಲ್ಲಿ ಒಂದು ಕೋಳಿಯೂ ಇರಲಿಲ್ಲ, ಆದರೂ ಏನೋ ಬಂದೇಬಿಟ್ಟಿತು ಅನಿಸುತ್ತದೆ. ನಾನು ತಿರುಗಿದಾಗಲೆಲ್ಲ ಎದುರಿನ ಹದಿನಾರು ಮುಖಗಳೂ ಹೆದರುತ್ತವೆ, ಲಯ ಓಡುತ್ತದೆ. ದೊಡ್ಡ ಡ್ರಮ್ಮಿನ ಸುನಿಲ ಕೊನೆಗೆ ಬಾರಿಸುವ ಕೋಲು ಕೆಳಗಿಟ್ಟ.

"ವೈನಿ, ಹಿಂದೇನು ಹುಲಿ ಬರ್ಲಕತ್ತದೇನ್ರೀ? ನೀವು ಹೀಂಗ ನೋಡಿದ್ರ ಹಾಡು ಮುಗಿಯೂದ್ರಾಗ ನಾವು ಬೀದರ ಮುಟ್ಟತೀವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಅತ್ತುಬಿಟ್ಟೆ.

ಅತ್ತೆಯವರ ಮೊಣಕಾಲು ಓಣಿಗೆ ಸಾಕು, ಊರಿಗೆ ಸಾಲದು. ನಮ್ಮವರನ್ನು ಕೇಳಿದೆ. ಯೆಣೆಗೂರದಿಂದ ಈಚೆಗೆ ಅವರು ಆ ಪಟ್ಟಿಯನ್ನು ಮುಟ್ಟಿಲ್ಲ. ಅದನ್ನು ಒಗೆದು ಒಣಹಾಕಿದರೂ ಸುತ್ತು ಹಾಕಿ ಹೋಗುತ್ತಾರೆ.

"ಯಾರರ ಹಿಡೀಲಿ, ನಾ ಒಲ್ಲೆ. ಈ ಕೈ ಅಪ್ಪನ್ನ ಬಿಟ್ಟದ. ನಿನ್ನೂ ಬಿಟ್ರ?"

ಬಿಡುವುದಿಲ್ಲ ಎಂದು ನನಗೆ ಹೇಗೆ ಗೊತ್ತು? ಎರಡು ತಿಂಗಳು ಮೂರು ದಿನದಲ್ಲಿ ಒಬ್ಬರ ಕೈ ಎಷ್ಟು ಗೊತ್ತಾಗುತ್ತದೆ? ಬಾಗಿಲಿನ ಹತ್ತಿರ ನಿಂತವರೇ, ಹೊರಗೆ ಹೋಗಬೇಡಿ. ಇನ್ನು ಎರಡೇ ಮಾತು.

ಸೆಪ್ಟೆಂಬರ್ ಹದಿನೇಳಕ್ಕೆ, ಮರಾಠವಾಡಾ ಮುಕ್ತಿ ದಿನದ ಪ್ರಭಾತಫೇರಿಗೆ, ನಮ್ಮ ಬ್ಯಾಂಡ್ ಮುಂದೆ ಹೋಗಬೇಕು. ಅದು ನನ್ನ ಮೊದಲ ಮೆರವಣಿಗೆ. ಶಾಲೆಯಿಂದ ಹೊರಟು ಬಸ್ ನಿಲ್ದಾಣದ ತಿರುವು ದಾಟಬೇಕು. ಅಲ್ಲಿ ಎಸ್ಟಿ ಬಸ್ಸುಗಳು ಹಿಂದಕ್ಕೆ ಬರುತ್ತವೆ. ಸ್ಥಳ ನೋಡಲೆಂದು ಒಬ್ಬಳೇ ಹೋಗಿ ನಿಂತಿದ್ದೆ. ಒಂದು ಬಸ್ಸಿನ ಹಿಂದಿನ ದೀಪ ಹತ್ತಿದ್ದು ನೋಡಿ ಕಬ್ಬಿನ ಹಾಲಿನವನ ಗಾಡಿಗೆ ಒರಗಿಕೊಂಡೆ. ಅವನು ಪಾಪ, ಹೊಟ್ಟೆಯಲ್ಲಿ ಕೂಸು ಇದೆಯೆಂದು ತಿಳಿದು ಹಾಲಿಗೆ ಬೇಡ ಬೇಡವೆಂದರೂ ಶುಂಠಿ ಹಾಕಿ ಕೊಟ್ಟ. ಅತ್ತೆ, ಹಾಗೇನೂ ಇಲ್ಲ, ಎದ್ದು ನಿಲ್ಲಬೇಡಿ.

ನಾಳೆ ನಾನು ಪುಣೆಗೆ ಹೊರಡುತ್ತೇನೆ. ಬ್ಯಾಂಡ್ ಮತ್ತು ವೃಂದಗಾನ ನಡೆಸುವವರಿಗಾಗಿ ಹದಿನೆಂಟು ದಿನದ ತರಬೇತಿ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ತಂಡ ಕೂತು ನುಡಿಸುತ್ತದೆಯೋ, ನಿಂತು ನುಡಿಸುತ್ತದೆಯೋ? ತಂಡ ಮುಂದಕ್ಕೆ ನಡೆಯುತ್ತದೆ, ನಾನು ಹಿಂದಕ್ಕೆ, ಎಂದು ಬರೆದೆ. ಹೇಗೆ ಸೀಟು ಕೊಟ್ಟರೋ ತಿಳಿಯದು. ಅಲ್ಲಿ ಕೈ ಆಡಿಸುವುದನ್ನು ಕಲಿಸುತ್ತಾರೆ, ಸ್ವರ ಓದುವುದನ್ನು ಕಲಿಸುತ್ತಾರೆ. ಬೆನ್ನು ಒಪ್ಪಿಸುವುದನ್ನು ಯಾರು ಕಲಿಸುತ್ತಾರೆ?

ಶಾಲು, ಹಾರ, ಫಲಗಳ ಜೊತೆ ಮೇಜಿನ ಮೇಲೆ ಆ ಕರಿ ಪಟ್ಟಿಯೂ ಇದೆ. ಅದನ್ನು ನಾನು ಪುಣೆಗೆ ಒಯ್ಯುತ್ತೇನೆ.

ಮಾವಾ, ಊರ ಮುಂದೆ ನಿಮ್ಮ ಗುಟ್ಟು ಒಡೆದೆ, ಕ್ಷಮಿಸಿ. ಎಂಟು ತಿಂಗಳು ನಿಮ್ಮ ಕಾಲಿನ ಮೇಲೆ ಹೊತ್ತ ತಪ್ಪು ಇನ್ನು ನಿಮ್ಮದಲ್ಲ. ಎರಡು ಹೆಜ್ಜೆಯಷ್ಟು ಮಾತ್ರ ನಿಮ್ಮದು. ಸಭಾಭವನ ಕೊಟ್ಟವರಿಗೆ, ಚಹಾ ಮಾಡಿದವರಿಗೆ, ನಗಬೇಕಾದಲ್ಲಿ ನಕ್ಕು ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದ ನಿಮಗೆಲ್ಲರಿಗೆ ನನ್ನ ಋಣ, ನನ್ನ ನಮಸ್ಕಾರ.

ಇನ್ನು ಕೊನೆಯ ಮಾತು ಒಬ್ಬರಿಗೆ ಮಾತ್ರ. ಒಡಪು ನೆನಪಾಗಲಿಲ್ಲ, ಹಾಗೇ ಕರೆಯುತ್ತೇನೆ. ಗುರುನಾಥ, ಜೇಬಿನಿಂದ ಕೈ ತೆಗೆದು ಕೇಳಿ. ನಾನು ಮರಳಿ ಬರುವ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ನಾನು ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ತುದಿಯನ್ನು ಹಿಂದಕ್ಕೆ ಎಸೆದು, ಬಾಗಿಲಲ್ಲಿ ಡಬ್ಬಿಯ ಒಳಗೆ ಮುಖ ಮಾಡಿ ನಿಂತಿರುತ್ತೇನೆ. ಕತ್ತು ತಿರುಗಿಸುವುದಿಲ್ಲ. ಹಿಡಿದ ಸಡಿಲು ಯಾವುದು, ಬಿಟ್ಟ ಸಡಿಲು ಯಾವುದು ಎಂದು ನನ್ನ ಸೊಂಟಕ್ಕೆ ಇನ್ನೂ ತಿಳಿಯದು. ಆದ್ದರಿಂದ ಮೊದಲು ಒಮ್ಮೆ ಜಗ್ಗಿ, ನೀವು ಇದ್ದೀರೆಂದು ಗೊತ್ತಾಗಲಿ. ಆಮೇಲೆ ಸಡಿಲು ಕೊಡಿ. ಹಿಂದಕ್ಕೆ ಹೆಜ್ಜೆ ಇಟ್ಟು ಇಳಿಯುತ್ತೇನೆ. ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ, ಮುಂಬೈ–ಬೀದರ ಗಾಡಿ.