ಬಂಗಡೆಗೂ ಒಂದು ಆಷಾಢ

ಅಧ್ಯಕ್ಷೆ ಇಂದ್ರವ್ವನವರೇ, ಬೈಲಹೊಂಗಲ ಮಹಿಳಾ ಮಂಡಳದ ಅಕ್ಕಂದಿರೇ, ಸಭಿಕರೇ, ಬಂಗಡೆಯ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದೆ!

ನಗಬೇಡಿ. ಹೊಸದಾಗಿ ಮದುವೆಯಾದವಳು ಸಿಹಿಸುದ್ದಿ ಎಂದು ವೇದಿಕೆ ಹತ್ತಿದರೆ ನೀವು ಬೇರೇನೋ ಎಣಿಸುತ್ತೀರೆಂದು ಗೊತ್ತಿತ್ತು. ಇದು ಸಮುದ್ರದ ಮೀನಿನ ಸುದ್ದಿ. ಬೆಳಗಾವಿ ಕಾನ್ವೆಂಟಿನಲ್ಲಿ ಕಲಿತವಳು, ಕನ್ನಡ ತಪ್ಪಿದರೆ ಕ್ಷಮಿಸಿ. ನನ್ನ ಯಜಮಾನರು ಸತ್ಯಪ್ಪ (ಅಯ್ಯೋ, ಹೆಸರು ಹೇಳಿಬಿಟ್ಟೆ!) ವಾಸ್ಕೋದಲ್ಲಿ ಮೀನುಗಾರಿಕೆ ಇಲಾಖೆಯಲ್ಲಿದ್ದಾರೆ. ಆಷಾಢವೆಂದು ತವರಿಗೆ ಬಂದು ಕೂತ ನನಗೆ ನಿನ್ನೆ ಅಂಚೆ ಕಚೇರಿಗೆ ಫೋನ್ ಮಾಡಿದ್ದರು. ಮೊದಲು ಮಾತಾಡಿದ್ದು ನನ್ನ ಆರೋಗ್ಯದ ಬಗ್ಗೆ ಅಲ್ಲ, ಬಂಗಡೆಯ ಆರೋಗ್ಯದ ಬಗ್ಗೆ!

ಬಂಗಡೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ನಮ್ಮ ಸಂತೆಗೆ ಬರುವ ಒಣಮೀನು ನೋಡಿದ್ದೀರಲ್ಲ, ಬೆರಳುದ್ದ? ಮೊದಲೆಲ್ಲ ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ತನಕ ಅಲ್ಲಿ ಬಲೆ ಇಳಿಯುತ್ತಿರಲಿಲ್ಲ. ಈಗ ಮೋಟಾರು ದೋಣಿಗಳು ಮಳೆಯಲ್ಲೂ ಹೋಗಿ, ಮೊಟ್ಟೆ ಇಡಬೇಕಾದ ಮೀನನ್ನೇ ಬಾಚುತ್ತವೆ. ಹುಣ್ಣಿಮೆಯ ತನಕ ತಡೆಯಿರಿ ಎಂದು ಇವರು ಬೇಡಿಕೊಂಡರು. ಈ ಸಲ ದೋಣಿಯವರು ಹೂಂ ಎಂದಿದ್ದಾರೆ!

ಇದನ್ನು ಕೇಳಿ ನಮ್ಮ ಶೆಟ್ಟೆವ್ವ ಚಿಗವ್ವ ಏನಂದಳು ಗೊತ್ತೇ? “ಅಲ್ಲವಾ, ನಿನ್ನ ಗಂಡ ಮೀನಿಗೂ ಆಷಾಢ ಹಚ್ಯಾನೇನ?”

ಹೌದು ಚಿಗವ್ವ! ಆದರೆ ನಮ್ಮ ಆಷಾಢ ಗಂಡಹೆಂಡಿರನ್ನು ಅಗಲಿಸುತ್ತದೆ, ಅವುಗಳದ್ದು ಕೂಡಿಸುತ್ತದೆ. ಬಂಗಡೆಯ ಪುಣ್ಯ ನನಗಿಲ್ಲ.

ಒಂದು ದೋಣಿ ಹೊರಟರೆ ಉಳಿದವು ನಿಲ್ಲುತ್ತವೆಯೇ? ಇವರು ದಿನಾ ಬೆಳಗ್ಗೆ ದೋಣಿ ಕಟ್ಟುವ ಜೆಟ್ಟಿಗೆ ಹೋಗಿ, ಯಾರಾದರೂ ಹಗ್ಗ ಬಿಚ್ಚಿದ್ದಾರೆಯೇ ಎಂದು ನೋಡಿ ಬರುತ್ತಾರಂತೆ. ಹೂಂ ಎಂದರೂ ದುಡಿಮೆ ನಿಂತ ಸಿಟ್ಟು ಇದ್ದೇ ಇದೆ, ಚಹಾದಂಗಡಿಯ ಬೆಂಚಿನಲ್ಲಿ ಇವರ ಪಕ್ಕ ಈಗ ಯಾರೂ ಕೂರುವುದಿಲ್ಲವಂತೆ. ನಗುತ್ತಲೇ ಹೇಳಿದರು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅವ್ವನದು ಒಂದೇ ಮಾತು: “ಪಂಚಮಿ ಉಂಡಿ ತಿಂದ ಹೋಗವಾ. ನೀ ಹೋಗಿ ಸಮುದ್ರ ಕಾಯಾಕಿ ಏನ?”

ಸಮುದ್ರವನ್ನಲ್ಲ ಅವ್ವ. ದೋಣಿಯವರ ಹೆಂಡಂದಿರ ಜೊತೆ ಕೂತು ಮಾತಾಡುವವರು ಅಲ್ಲಿ ಯಾರಿದ್ದಾರೆ? ಮತ್ತೆ... ಆ ಬೆಂಚಿನಲ್ಲಿ ಒಬ್ಬರ ಜಾಗ ಖಾಲಿಯಿದೆ.

ಈ ಉತ್ತರ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ, ಮೈಕಿನ ಮುಂದೆ ಬಂತು. ಮುಂದಿನ ಸಾಲಿನಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ನಗುವೋ ಸಿಟ್ಟೋ ತಿಳಿಯದು. ಅವ್ವಾ, ಉಂಡಿ ಡಬ್ಬಿಗೆ ಹಾಕಿಕೊಡು, ಅವರಿಗೂ ಬೇಕು.

ಮೀನಿನ ಮಾತನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಅವರಿಗೆ ನಿನ್ನೆ ಫೋನಿನಲ್ಲೇ ಹೇಳಿಬಿಟ್ಟಿದ್ದೇನೆ: ಅಮಾವಾಸ್ಯೆಯ ಮರುದಿನ, ಬುಧವಾರ, ಲೋಂಡಾ ಕಡೆಯಿಂದ ಬರುವ ವಾಸ್ಕೋ ಪ್ಯಾಸೆಂಜರ್.