ಬಾಯಲ್ಲಿಟ್ಟುಕೊಂಡ ಒಂದು ಹಿಡಿ ಬೀಜ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 22, ಕಸುಬು ಬಿತ್ತನೆ ಕೂಲಿ, ವಾಸ ಕಾಲುವೆ ಬದಿಯ ಸಾಲುಮನೆ, ಬಾಗಿಲು ಸಂಖ್ಯೆ 9, ಮೃತಳ ಸ್ವಂತ ತಮ್ಮ, ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಕ್ಕನಿಗೆ 34 ವರ್ಷ. ಎಲ್ಲರೂ ಅವಳನ್ನು ಬಾಯಿಬಡುಕಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅರ್ಧ ಎಕರೆ ಹೊಲವಿದೆ. ಬದುವಿನ ಆಚೆ ದೊಡ್ಡ ಹೊಲದವರ ಜಮೀನು. ಮಣ್ಣು ಒಂದೇ, ನೀರು ಒಂದೇ. ಸುಧಾರಿತ ಬೀಜದಿಂದ ಅವರಿಗೆ ಅರ್ಧ ಎಕರೆಗೆ ಹದಿನಾಲ್ಕು ಚೀಲ ಮೆಕ್ಕೆಜೋಳ, ಹಳೆಯ ಬೀಜದಿಂದ ನಮಗೆ ಆರು. ಅವರ ಬೆಳೆ ಮಾರುಕಟ್ಟೆಗೆ ಬಂದ ದಿನ ನಮ್ಮ ಆರು ಚೀಲದ ಬೆಲೆಯೂ ಬೀಳುತ್ತದೆ. ಇದು ಪ್ರಕರಣಕ್ಕೆ ಸಂಬಂಧಿಸಿಲ್ಲ ಎಂದು ಬರೆದುಕೊಳ್ಳುವವರು ಹೇಳಿದರು. ಸಂಬಂಧಿಸಿದೆ ಎಂದು ಹೇಳಿ ಬರೆಸಿರುತ್ತೇನೆ.

ದಿನಾಂಕ 9, ಸೋಮವಾರ ಬೆಳಿಗ್ಗೆ 10ಕ್ಕೆ ನಾವಿಬ್ಬರೂ ಬೀಜ ವಿತರಣಾ ಕೇಂದ್ರಕ್ಕೆ ಹೋದೆವು. ಮೂರು ಎಕರೆಗಿಂತ ಕಡಿಮೆ ಇದ್ದವರಿಗೆ ಬೀಜವಿಲ್ಲ, ಚೀಲ ಒಡೆದು ಕೊಡುವಂತಿಲ್ಲ ಎಂದು ಗುಮಾಸ್ತರು ತಿಳಿಸಿದರು. ನಿನ್ನ ಅಂಗೈಯಗಲದ ಹೊಲಕ್ಕೆ ಹಾಕಿ ಉಳಿದದ್ದನ್ನ ತಲೆ ಮೇಲೆ ಬಿತ್ಕೋತೀಯಾ ಎಂದೂ ಕೇಳಿದರು. ನಿಮ್ಮ ತಲೆನೇ ಬೋಳು ಬಿದ್ದಿದೆಯಲ್ಲಾ ಸ್ವಾಮಿ, ಗುತ್ತಿಗೆಗೆ ಕೊಡಿ ಎಂದು ಅಕ್ಕ ಹೇಳಿದಳು. ಸಾಲಿನಲ್ಲಿದ್ದವರು ನಕ್ಕರು. ಬೀಜ ಸಿಗಲಿಲ್ಲ.

ಗುರುವಾರ ದೊಡ್ಡ ಹೊಲದವರಲ್ಲಿ ಅದೇ ಬೀಜ ಬಿತ್ತುವ ಕೂಲಿಗೆ ಹೋದೆವು. ಹುಳ ಬಾರದಂತೆ ಬೀಜಕ್ಕೆ ಗುಲಾಬಿ ಬಣ್ಣದ ವಿಷ ಲೇಪಿಸಿರುತ್ತಾರೆ. ಚೀಲದ ಮೇಲಿನ ಎಚ್ಚರಿಕೆಯನ್ನು ಅಕ್ಕನಿಗೆ ಓದಿ ಹೇಳಿದವನು ನಾನು. ಈ ತಳಿಯ ಫಸಲನ್ನೇ ಮತ್ತೆ ಬಿತ್ತಬಹುದು, ಒಂದು ಹಿಡಿ ಸಿಕ್ಕರೆ ಎರಡನೇ ಬೆಳೆಗೆ ನಮ್ಮ ಹೊಲ ತುಂಬುತ್ತದೆ ಎಂದು ಚೀಲದ ಜೊತೆಗಿದ್ದ ಕರಪತ್ರ ನೋಡಿ ಹೇಳಿದವನೂ ನಾನೇ.

ಸಂಜೆ ಗೇಟಿನಲ್ಲಿ ಮೇಸ್ತ್ರಿ ಕೂಲಿಯವರ ಜೇಬು, ಸೊಂಟದ ಗಂಟು, ತಲೆಗೂದಲು ತಡಕುವುದು ವಾಡಿಕೆ. ಆದ್ದರಿಂದ 5.20ಕ್ಕೆ ಕೊನೆಯ ಸಾಲಿನಲ್ಲಿ ಅಕ್ಕ ಬೀಜವನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಳು. ವಿಷ ಎಂದೆನು. ನುಂಗೋಕಲ್ಲ ಕಣೋ, ಗೇಟು ದಾಟಿ ಉಗುಳ್ತೀನಿ ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

5.30ಕ್ಕೆ ಮೇಸ್ತ್ರಿ ತಡಕಿದರು. ಏನೂ ಸಿಗಲಿಲ್ಲ. ಏನಮ್ಮಾ ಬಾಯಿಬಡುಕಿ, ಇವತ್ತು ಮೌನವ್ರತಾನಾ ಎಂದರು. ಅಕ್ಕ ತಲೆಯಾಡಿಸಿದಳು. ಅವಳ ತುಟಿಯ ಅಂಚು ಗುಲಾಬಿಯಾಗಿತ್ತು. ಮೇಸ್ತ್ರಿ ಅದನ್ನು ನೋಡಿದರು. ಬಾಯಿ ತೆರೆ ಎನ್ನಲಿಲ್ಲ. ಉಳಿದವರನ್ನೂ ಹತ್ತಿರ ಕರೆದು, ಚೊಂಬಿನಲ್ಲಿ ನೀರು ತರಿಸಿ, ಬಿಸಿಲಲ್ಲಿ ದುಡಿದಿದ್ದೀಯ ತಾಯಿ, ಕುಡಿದು ಹೋಗು ಎಂದರು. ಅಕ್ಕ ಬೇಡವೆಂದು ಕೈಯಾಡಿಸಿದಳು. ಕುಡೀದಿದ್ರೆ ನಾಳೆಯಿಂದ ನೀನೂ ಬೇಡ, ನಿನ್ನ ತಮ್ಮನೂ ಬೇಡ ಎಂದರು. ನಾನು ಎಂಟು ಅಡಿ ದೂರದಲ್ಲಿದ್ದೆನು. ಅಕ್ಕ ನನ್ನ ಕಡೆ ನೋಡಿದಳು. ನಾನು ಮಾತಾಡಲಿಲ್ಲ.

5.41ಕ್ಕೆ ಅವಳು ಚೊಂಬು ಖಾಲಿ ಮಾಡಿದಳು. ರುಚಿ ಹೇಗಿದೆ ಎಂದು ಮೇಸ್ತ್ರಿ ಕೇಳಿದರು. ನಿಮ್ಮ ಕೂಲಿಗಿಂತ ವಾಸಿ ಎಂದಳು. ನಾಲ್ಕೈದು ಜನ ನಕ್ಕರು.

ಗೇಟಿನಿಂದ ಸುಮಾರು 900 ಮೀಟರ್ ದೂರದಲ್ಲಿ ಅಕ್ಕ ಕುಸಿದು ವಾಂತಿ ಮಾಡಿದಳು. ಎಷ್ಟು ಕಾಳು ಬಂತು ನೋಡೋ ಎಂದಳು. ಹನ್ನೊಂದು ಎಂದೆನು. ತೊಳೆದಿಟ್ಕೋ ಎಂದಳು. ಆಸ್ಪತ್ರೆ ಆರು ಕಿಲೋಮೀಟರ್. 7.50ಕ್ಕೆ ವೈದ್ಯರು ಅವಳು ಸತ್ತಿರುವುದಾಗಿ ತಿಳಿಸಿದರು.

ಮೇಸ್ತ್ರಿ ತಿಳಿದೇ ಕುಡಿಸಿದರು ಎಂಬುದು ನನ್ನ ದೂರು. ಅವರು ಮರುದಿನವೇ ಅಕ್ಕನ ಮೇಲೆ ಬೀಜ ಕಳವಿನ ದೂರು ಕೊಟ್ಟಿರುತ್ತಾರೆ. ಶವಪರೀಕ್ಷೆಯಲ್ಲಿ ಸಿಕ್ಕ 23 ಕಾಳುಗಳು ಕಳವು ಮಾಲೆಂದು ಠಾಣೆಯಲ್ಲಿವೆ. ಉಳಿದ ಹನ್ನೊಂದನ್ನು ನಾನು ಅಕ್ಕನ ಹೊಲದಲ್ಲಿ ಬಿತ್ತಿದ್ದೆನು. ಏಳು ಮೊಳೆತಿದ್ದವು. ಇಂದು ಬೆಳಿಗ್ಗೆ 9.15ಕ್ಕೆ ಪೇದೆಯವರು ಅವನ್ನು ನನ್ನ ಕೈಯಿಂದಲೇ ಕೀಳಿಸಿ, ಲಕೋಟೆಗೆ ಹಾಕಿ ಮೊಹರು ಮಾಡಿದರು. ಏಳೂ ಬೇರುಸಮೇತ ಬಂದವು.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿಕೊಂಡಿದ್ದೇನೆ. ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆ
ದಿನಾಂಕ: 21
(ಸಹಿ) ಮೃತಳ ತಮ್ಮ