ಮತ್ತೊಂದು ಸುತ್ತು

ಹಳೇ ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗೆ ಬೆಲ್ಟು ಕೊಳ್ಳಲು ಬಂದಿದ್ದ ಮೆಕ್ಯಾನಿಕ್ ಮಕಬೂಲಸಾಬ ಸರದಿಯಲ್ಲಿ ನಿಂತಿದ್ದ. ಮುಂದಿದ್ದ ಹುಡುಗಿ ಗೋಣಿಚೀಲದಿಂದ ಲಾರಿಯೊಂದರ ಹಳೆಯ ಆಯಿಲ್ ಪ್ಯಾನ್, ಎಂಜಿನ್ನಿನ ತಳಕ್ಕೆ ಕೂರುವ ಎಣ್ಣೆಯ ತಟ್ಟೆ, ತೆಗೆದಿಟ್ಟಳು.

“ಎಣ್ಣಿ ಸೋರತೈತ್ರಿ. ಹೊಸಾ ಪ್ಯಾನು, ಅದರ ಅಂಚಿಗೆ ಹಾಕೂ ಗ್ಯಾಸ್ಕೆಟ್ಟು ಕೊಡ್ರಿ.”

“ಯಾರ ಲಾರೀದವ್ವಾ?” ಎಂದ ಅಂಗಡಿಯ ಉದಯಕುಮಾರ.

“ಸುಳ್ಳ ಊರಿನ ಗಿರಿಯಪ್ಪಾರದು. ಅಪ್ಪಾರ ಕಾಲ ಮುರದೈತ್ರಿ, ಅದಕ್ಕ ಕ್ಲೀನರ್ ಬಿಚ್ಚಿ ಕೊಟ್ಟಿದ್ದನ್ನ ತಗೊಂಡ ನಾ ಬಂದೇನಿ.”

ಮಕಬೂಲಸಾಬ ಒಂದು ಹೆಜ್ಜೆ ಹಿಂದೆ ಸರಿದ. ಇಪ್ಪತ್ತು ವರ್ಷದಿಂದ ಆ ಲಾರಿಯ ರಿಪೇರಿ ಮಾಡಿದವನು ಅವನೊಬ್ಬನೇ. ಮಗಳು ಮಾತ್ರ ಅವನನ್ನು ಕಂಡವಳಲ್ಲ.

“ಫೋನಿನ್ಯಾಗ ಮಕಬೂಲ ಕಾಕಾ ಕಲ್ಲ ಬಡದಿರಬೇಕು ಅಂದಾರ್ರಿ.”

ಉದಯಕುಮಾರ ಪ್ಯಾನನ್ನು ತಿರುಗಿಸಿ ನೋಡಿದ. “ಕಲ್ಲಲ್ಲವ್ವಾ. ಬೋಲ್ಟಿನ ತೂತಿನ ಸುತ್ತ ಅಂಚು ಹೆಂಗ ತಗ್ಗಾಗೇತಿ ನೋಡು. ಸೋರಿದಾಗೊಮ್ಮೆ ಯಾರೋ ಮತ್ತೊಂದ ಸುತ್ತು ಬಿಗದಾರ. ಬಿಗದಷ್ಟೂ ಸೋರತೈತಿ.”

ಮೂರು ಸಲ ಬಿಗಿದೆ, ಎಂದು ಮಕಬೂಲಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದ.

“ಕಾಕಾ ಹಂಗ ಮಾಡಂಗಿಲ್ರಿ. ಬ್ಯಾರೆ ಯಾರರೆ ಬಿಗದಿರಬೇಕು.”

ಉದಯಕುಮಾರ ಆಕೆಯ ಭುಜದಾಚೆ ಮಕಬೂಲಸಾಬನನ್ನು ನೋಡಿ, ಮತ್ತೆ ಪ್ಯಾನಿನತ್ತ ಕಣ್ಣು ಇಳಿಸಿದ.

“ಇರಬೇಕ ಬಿಡವ್ವಾ. ಹಳೇ ಎಂಜಿನ್ನಿಗೆ ಕಾರ್ಕಿನ ಗ್ಯಾಸ್ಕೆಟ್ಟ ಛಲೋ. ಹಗೂರ ಬಿಗೀಲಿಕ್ಕೆ ನಿಮ್ಮ ಕಾಕಾಗ ಹೇಳು.”

“ಅವರಿಗೆ ನಾ ಏನ ಹೇಳೂದ್ರಿ? ಅವರನ್ನ ಕರಕೊಂಡ ಬಾ, ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ ಅಂದಾರ ಅಪ್ಪ. ಅವರ ಗ್ಯಾರೇಜ್ ಎಲ್ಲೈತ್ರಿ?”

ಉದಯಕುಮಾರ ಮತ್ತೊಮ್ಮೆ ಆಕೆಯ ಹಿಂದೆ ನೋಡಿದ. ಮಕಬೂಲಸಾಬ ಗೋಡೆಗೆ ತೂಗುಹಾಕಿದ್ದ ಬೆಲ್ಟುಗಳತ್ತ ಮುಖ ತಿರುಗಿಸಿದ್ದ.

“ಮುಂದಿನ ಓಣ್ಯಾಗ, ಎಡಕ್ಕ.”

ಆಕೆ ಹೊಸ ಪ್ಯಾನನ್ನು ಎದೆಗವಚಿಕೊಂಡು ಓಣಿಯತ್ತ ತಿರುಗಿದಳು. ಗ್ಯಾರೇಜಿಗೆ ಬೀಗ ಹಾಕಿತ್ತು. ಅದರ ಕೀಲಿಕೈ ಇನ್ನೂ ಅಂಗಡಿಯಲ್ಲೇ ನಿಂತಿದ್ದ ಮಕಬೂಲಸಾಬನ ಮುಷ್ಟಿಯಲ್ಲಿತ್ತು.